ಎನಿಡ್‌ಳನ್ನು ಒಂದೇ ಸಲ ಕೇಳಿದ್ದು

ಮೊದಲಿಗೆ, ನಿನ್ನೆ ಫೋನಿನ ಈ ಗುಂಪಿನಲ್ಲಿ ನನ್ನ ನೆನಪಿನ ಬಗ್ಗೆ ತಮಾಷೆ ಮಾಡಿದ ಮಹಾನುಭಾವರಿಗೆ ಎರಡು ಮಾತು. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದವನು ನಾನು. ಯಾವ ಸ್ಟಾಪಿನಲ್ಲಿ ಯಾವ ಮುದುಕಿ ಯಾವ ಬಣ್ಣದ ಕೊಡೆ ಹಿಡಿದು ನಿಲ್ಲುತ್ತಿದ್ದಳು ಅನ್ನುವುದನ್ನು ಈಗಲೂ ಹೇಳಬಲ್ಲೆ. ಇಪ್ಪತ್ತು ವರ್ಷದ ಹಿಂದೆ ಸತ್ತ ನನ್ನ ಪಂದ್ಯದ ಪಾರಿವಾಳದ ಕಾಲುಂಗುರದ ಸಂಖ್ಯೆ ಕೇಳಿ, ಹೇಳುತ್ತೇನೆ. ಸಿರಿಲ್, ನೀನಂತೂ ಬಾಯಿ ಮುಚ್ಚಿಕೊಂಡಿರು. ಹೋದ ವಾರ ಕ್ಲಬ್ಬಿಗೆ ಯಾರದೋ ಕೋಟು ಹಾಕಿಕೊಂಡು ಬಂದು, ಇದು ನನ್ನದೇ ಅಂತ ಜಗಳ ಆಡಿದವನು ನೀನು.

‘ಹೆಡ್ಲಿ, ಹೋದ ಸಲ ಈ ನಾರ್ವೆಯ ಕಥೆ ಬೇರೆ ಥರ ಹೇಳಿದ್ದೆ’ ಅಂತ ಬರೆದಿದ್ದೀರಿ. ಹೌದು, ಹೇಳಿದ್ದೆ. ಮರೆತು ಹೇಳಿದ್ದಲ್ಲ, ಸುಳ್ಳು ಹೇಳಿದ್ದು. ಎರಡಕ್ಕೂ ವ್ಯತ್ಯಾಸವಿದೆ. ಮರೆವಿಗೆ ಡಾಕ್ಟರು ಮಾತ್ರೆ ಕೊಡುತ್ತಾರೆ.

ಕತ್‌ಬರ್ಟ್, ನೀನು ಕೇಳಿದ್ದು ಸಣ್ಣ ಪ್ರಶ್ನೆ. ಬರುವ ಜೂನಿನಲ್ಲಿ ನೀನೂ ಹಿಲ್ಡಾಳೂ, ನಾನೂ ಎನಿಡ್‌ಳೂ ಹೋಗಿದ್ದ ಅದೇ ಹಡಗಿನಲ್ಲಿ ನಾರ್ವೆಗೆ ಹೋಗುತ್ತಿದ್ದೀರಿ. ಲೊಫೋಟೆನ್ ದ್ವೀಪದ ಬಂದರಿನಲ್ಲಿ ಹಡಗು ಆರು ಗಂಟೆ ನಿಲ್ಲುತ್ತದೆ. ಅಲ್ಲಿ ಇಳಿದು ಹದ್ದು ನೋಡುವ ದೋಣಿ ಹತ್ತುವುದೋ, ಹೌಗ್ವಿಕ್ ಅನ್ನುವ ಹಳ್ಳಿಗೆ ಹೋಗುವ ಬಸ್ಸು ಹತ್ತುವುದೋ ಅಂತ ಕೇಳಿದ್ದೀಯ. ಬಸ್ಸು ಹತ್ತು. ಅಷ್ಟೇ ಉತ್ತರ. ಆದರೆ ಯಾಕೆ ಅಂತ ಹೇಳದೆ ಹೋದರೆ ನೀನು ಹದ್ದಿನ ದೋಣಿಯನ್ನೇ ಹತ್ತುತ್ತೀಯ, ನಿನ್ನನ್ನು ನಾನು ಬಲ್ಲೆ. ಅದಕ್ಕೇ ಇಷ್ಟುದ್ದ ಮಾತಾಡಲು ಕೂತಿದ್ದೇನೆ. ನನ್ನ ಹೆಬ್ಬೆರಳು ಜಾರಿದಾಗಲೆಲ್ಲ ಈ ಫೋನಿನ ರೆಕಾರ್ಡಿಂಗು ನಿಂತುಹೋಗುತ್ತದೆ. ತುಂಡು ತುಂಡಾಗಿ ಬಂದರೆ ಸಾಲಾಗಿ ಜೋಡಿಸಿಕೊಂಡು ಕೇಳಿ.

ಎನಿಡ್ ನಿಮಗೆಲ್ಲ ಗೊತ್ತು. ತೀರಿಕೊಂಡ ನನ್ನ ಹೆಂಡತಿ ಮೇವಿಸ್‌ಳ ಅಕ್ಕ. ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಅವಳ ಮನೆ. ಅವಳ ಗಂಡ ವಿಲ್ಫ್ರಿಡ್ ಹೋಗಿ ಹನ್ನೊಂದು ವರ್ಷವಾಯಿತು, ಮೇವಿಸ್ ಹೋಗಿ ಆರು. ಗುರುವಾರ ಗುರುವಾರ ಅವಳ ಸಾಮಾನು ನಾನು ತಂದುಕೊಡುತ್ತೇನೆ, ಭಾನುವಾರದ ಊಟ ಅವಳು ನನಗೆ ಹಾಕುತ್ತಾಳೆ. ಈ ಗುಂಪಿನಲ್ಲಿ ಅವಳಿಲ್ಲ, ಯಾಕೆಂದರೆ ಅವಳ ಫೋನಿಗೆ ಇನ್ನೂ ಸುರುಳಿ ತಂತಿ ಇದೆ.

ಬೊರ್ಗಿಲ್ಡ್ ನಿಮಗೆ ಗೊತ್ತಿಲ್ಲ. ನಮ್ಮಲ್ಲಿ ಯಾರೂ ಅವಳನ್ನು ನೋಡಿಲ್ಲ. ಎನಿಡ್‌ಳಿಗೆ ಹನ್ನೆರಡು ವರ್ಷವಾಗಿದ್ದಾಗ ಶಾಲೆಯ ಟೀಚರು ಒಂದು ಟೊಪ್ಪಿಗೆಯಲ್ಲಿ ಚೀಟಿ ಹಾಕಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ನಾರ್ವೆಯ ಹುಡುಗಿಯ ವಿಳಾಸ ಎತ್ತಿಸಿದರಂತೆ. ಉಳಿದವರೆಲ್ಲ ಎರಡು ಕಾಗದ ಬರೆದು ಬಿಟ್ಟರು. ಇವರಿಬ್ಬರು ಅರವತ್ತಾರು ವರ್ಷ ಬರೆದರು. ತಿಂಗಳಿಗೊಂದು. ಹೆಣಿಗೆಯ ಮಾದರಿ, ಮಕ್ಕಳ ದಡಾರ, ಗಂಡಂದಿರ ಕುಡಿತ, ಬಸಿರು ಇಳಿದದ್ದು, ಎಲ್ಲ. ಮೇವಿಸ್‌ಗೆ ಹೇಳದ ಮಾತನ್ನೂ ಎನಿಡ್ ಅವಳಿಗೆ ಬರೆದಿದ್ದಾಳೆ ಅಂತ ಮೇವಿಸ್ಸೇ ನನ್ನ ಹತ್ತಿರ ಗೊಣಗಿದ್ದುಂಟು. ಆದರೆ ಒಮ್ಮೆಯೂ ಭೇಟಿಯಾಗಿಲ್ಲ, ಫೋನಿನಲ್ಲೂ ಮಾತಾಡಿಲ್ಲ. ವಿಲ್ಫ್ರಿಡ್‌ಗೆ ನದಿ ದಾಟುವ ದೋಣಿ ಹತ್ತಿದರೂ ವಾಂತಿ. ಬೊರ್ಗಿಲ್ಡ್‌ಳಿಗೆ ಕುರಿ ಬಿಟ್ಟು ಬರಲಾಗದು. ಆಮೇಲೆ ಈ ಇಬ್ಬರು ಹೆಂಗಸರ ಕಾಲಿನ ಬಲವೂ ಹೋಯಿತು.

ಎರಡು ವರ್ಷದ ಹಿಂದೆ, ನಮ್ಮ ನದಿ ಕಡಲು ಸೇರುವ ಕಡೆಯ ಬಂದರಿನಿಂದಲೇ ಹೊರಟು ಉತ್ತರಕ್ಕೆ ಹೋಗುವ ಹಡಗಿನ ಜಾಹೀರಾತು ನೋಡಿ ಎನಿಡ್ ನನ್ನ ಬಾಗಿಲಿಗೆ ಬಂದಳು. ಗಾಲಿಯ ವಾಕರ್ ತಳ್ಳಿಕೊಂಡು ಬಂದವಳು ಒಳಗೂ ಬರಲಿಲ್ಲ.

"ಹೆಡ್ಲಿ, ಈ ಹಡಗು ಬೊರ್ಗಿಲ್ಡ್ ಊರ ಹತ್ರ ನಿಲ್ಲತ್ತೆ" ಅಂದಳು.

"ನಿಲ್ಲಲಿ, ಅದಕ್ಕೆ?"

"ಅದಕ್ಕೇನಿಲ್ಲ. ಸುಮ್ನೆ ಹೇಳ್ದೆ."

ಹೀಗೆ ನಮ್ಮ ಟಿಕೆಟ್ಟು ಆಯಿತು. ಎನಿಡ್ ದಿನಾಂಕ ಬರೆದು ಹಾಕಿದಳು. ಬೊರ್ಗಿಲ್ಡ್ ವಾಪಸ್ಸು ಬರೆದಳು: ಹಡಗಿನ ಪ್ರವಾಸದ ಬಸ್ಸು ಹೌಗ್ವಿಕ್‌ನ ಚರ್ಚಿನ ಪಕ್ಕದ ಕಾಫಿ ಅಂಗಡಿಯಲ್ಲಿ ಐವತ್ತು ನಿಮಿಷ ನಿಲ್ಲುತ್ತದೆ, ಕಿಟಕಿಯ ಪಕ್ಕದ ಮೇಜಿನಲ್ಲಿ ನಾನಿರುತ್ತೇನೆ, ಹಸಿರು ಸ್ವೆಟರ್ ಹಾಕಿರುತ್ತೇನೆ, ಅದರ ಮಾದರಿ ನೀನೇ ಕಳಿಸಿದ್ದು. ಎನಿಡ್ ಆ ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡು ಓಡಾಡಿದಳು. ಐವತ್ತು ನಿಮಿಷ. ಅಷ್ಟಕ್ಕೆ ಅವಳು ಹಡಗು ಹತ್ತಿದ್ದು. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ.

ಹಡಗಿನಲ್ಲಿ ಎರಡನೆಯ ದಿನ ಎಲ್ಲರಿಗೂ ಒಂದು ಪುಸ್ತಕ ಕೊಡುತ್ತಾರೆ, ಯಾವ ಬಂದರಿನಲ್ಲಿ ಯಾವ ಪ್ರವಾಸ ಅಂತ. ಪ್ರತಿಯೊಂದರ ಪಕ್ಕದಲ್ಲೂ ನಡೆಯುವ ಮನುಷ್ಯನ ಚಿತ್ರ. ಒಬ್ಬ ಮನುಷ್ಯ ಇದ್ದರೆ ಕೂತಲ್ಲೇ ನೋಡುವುದು. ಇಬ್ಬರಿದ್ದರೆ ಸ್ವಲ್ಪ ಮೆಟ್ಟಿಲು, ಕಲ್ಲುದಾರಿ. ಮೂವರಿದ್ದರೆ ಗುಡ್ಡ. ಆ ಹಡಗಿನಲ್ಲಿ ಎಪ್ಪತ್ತರ ಕೆಳಗಿನವರು ಅಂದರೆ ಹಡಗಿನ ಕೆಲಸದವರು ಮಾತ್ರ. ಆದರೂ ಒಬ್ಬ ಮನುಷ್ಯನ ಚಿತ್ರ ಇರುವುದನ್ನು ಆರಿಸಿಕೊಳ್ಳಲು ಎಲ್ಲರಿಗೂ ನಾಚಿಕೆ. ಎರಡು ಮಂಡಿಯೂ ಬದಲಾಯಿಸಿಕೊಂಡಿದ್ದ ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಮೂರು ಮನುಷ್ಯರ ಗುಡ್ಡಕ್ಕೆ ಹೆಸರು ಕೊಟ್ಟ; ಕೊನೆಗೆ ಅವನನ್ನು ಟ್ರಾಕ್ಟರಿನಲ್ಲಿ ಇಳಿಸಿಕೊಂಡು ಬಂದರು.

ಹೌಗ್ವಿಕ್ ಬಸ್ಸಿಗೆ ಇಬ್ಬರು ಮನುಷ್ಯರು. ಹದ್ದಿನ ದೋಣಿಗೆ ಒಬ್ಬನೇ. ಎರಡೂ ಬೆಳಿಗ್ಗೆ ಹತ್ತೂವರೆಗೇ.

ನನಗೆ ಹಕ್ಕಿಯ ಹುಚ್ಚು. ನಲವತ್ತು ವರ್ಷ ಪಂದ್ಯದ ಪಾರಿವಾಳ ಸಾಕಿದವನು. ಆ ಪುಸ್ತಕದಲ್ಲಿ ಬಿಳಿಬಾಲದ ಕಡಲ ಹದ್ದಿನ ಚಿತ್ರ ನೋಡಿದ ಕೂಡಲೇ ನನ್ನ ಬಾಯಿ ತೆರೆದುಕೊಂಡಿತು. ರೆಕ್ಕೆ ಬಿಚ್ಚಿದರೆ ಎಂಟು ಅಡಿ.

"ಪಾರಿವಾಳ ಸಾಕೋನು ಹದ್ದು ನೋಡಕ್ಕೆ ಹೋಗೋದಾ?" ಅಂತ ಎನಿಡ್ ನಕ್ಕಳು. "ಇಲಿ ಟಿಕೆಟ್ ತಗೊಂಡು ಬೆಕ್ಕು ನೋಡಕ್ಕೆ ಹೋದಂಗಾಯ್ತು."

"ಶತ್ರುನ ಒಂದ್ಸಲ ಹತ್ತಿರದಿಂದ ನೋಡ್ಬೇಕಮ್ಮ" ಅಂದೆ.

ಪ್ರವಾಸದ ಮೇಜಿನ ಮುಂದೆ ಸಾಲು. ಮುಕ್ಕಾಲು ಗಂಟೆ ನಿಂತೆವು. ಮೇಜಿನ ಹಿಂದೆ ಲೂರ್ಡೆಸ್ ಅಂತ ಫಿಲಿಪ್ಪೀನ್ಸಿನ ಹೆಂಗಸು, ಐವತ್ತರ ಹತ್ತಿರ ಹತ್ತಿರ. ಒಳ್ಳೆಯವಳು, ಎಲ್ಲರ ಕಿವುಡನ್ನೂ ಸಹಿಸಿಕೊಂಡು ಮಾತಾಡುತ್ತಿದ್ದಳು. ಎನಿಡ್ ‘ಹೌಗ್ವಿಕ್’ ಅಂದಳು. ಲೂರ್ಡೆಸ್ ಎದ್ದು ನಿಂತು ವಾಕರನ್ನು ನೋಡಿದಳು.

"ಮೇಡಂ, ಆ ಬಸ್ಸಲ್ಲಿ ಎರಡೇ ಸೀಟು ಉಳಿದಿದೆ. ವಾಕರ್ ಇರೋರು ಒಬ್ರೇ ಹೋಗೋ ಹಾಗಿಲ್ಲ, ಅದು ರೂಲ್ಸು. ಹತ್ತಿಸಕ್ಕೆ ಇಳಿಸಕ್ಕೆ ನಿಮ್ಮ ಕಡೆಯೋರು ಒಬ್ರು ಬೇಕು. ಸರ್ ಬರ್ತಾರಲ್ವಾ?"

"ಹದ್ದಿನ ದೋಣೀಲಿ ಜಾಗ ಇದೆಯಾ?" ಅಂತ ನಾನು ಕೇಳಿದೆ. ಅದನ್ನು ಯಾಕೆ ಆಗಲೇ ಕೇಳಿದೆ? ಕೇಳಿದೆ, ಅಷ್ಟೇ.

"ಒಂದೇ ಒಂದು ಸರ್. ಈಗ್ಲೇ ಹೇಳಿದ್ರೆ ಉಂಟು, ಮಧ್ಯಾಹ್ನಕ್ಕೆ ಇರಲ್ಲ."

ಈಗ ಇಲ್ಲಿ ಸರಿಯಾಗಿ ಕೇಳಿಸಿಕೊಳ್ಳಿ. ನಮ್ಮ ಬೀದಿಯಲ್ಲಿ ಟೀ ಕೊಡುವ ಪದ್ಧತಿ ಹೇಗಿದೆ? ಮನೆಗೆ ಬಂದವರನ್ನು ಟೀ ಬೇಕಾ ಅಂತ ಕೇಳುತ್ತೇವೆ. ‘ಬೇಡಪ್ಪ, ಈಗಷ್ಟೇ ಕುಡಿದೆ’ ಅನ್ನುತ್ತಾರೆ. ಎರಡನೇ ಸಲ ಕೇಳಿದರೆ ‘ಸುಮ್ನೆ ನಿನಗ್ಯಾಕೆ ತೊಂದ್ರೆ’ ಅನ್ನುತ್ತಾರೆ. ಮೂರನೇ ಸಲ ಕೇಳಿದರೆ ‘ಆಯ್ತು, ಅರ್ಧ ಕಪ್ಪು’ ಅಂದು ಎರಡು ಕಪ್ಪು ಕುಡಿಯುತ್ತಾರೆ. ಮೊದಲನೇ ಬೇಡ ಬೇಡವಲ್ಲ ಅನ್ನುವುದು ಇಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಒಂದೇ ಸಲ ಕೇಳಿ ಸುಮ್ಮನಾದರೆ, ಅದು ಬಾಯುಪಚಾರ. ಅದಕ್ಕಿಂತ ಕೇಳದೇ ಇರುವುದೇ ಮರ್ಯಾದೆ. ಎನಿಡ್ ಅಂತೂ ಈ ಪದ್ಧತಿಯ ಮಹಾರಾಣಿ. ಅವಳ ಮದುವೆಗೂ ವಿಲ್ಫ್ರಿಡ್ ಮೂರು ಸಲ ಕೇಳಿದ್ದನಂತೆ.

"ಎನಿಡ್, ಹೌಗ್ವಿಕ್‌ಗೆ ಹೋಗೋಣ್ವಾ ಹಾಗಾದ್ರೆ?" ಅಂತ ನಾನು ಕೇಳಿದೆ.

"ಅಯ್ಯೋ ಬೇಡ ಬಿಡೋ. ನೀನು ನಿನ್ನ ಹಕ್ಕಿ ನೋಡ್ಕೊಂಡು ಬಾ. ನಾನೇನು, ಇಲ್ಲೇ ಕೂತು ಹೆಣಿಗೆ ಹಾಕ್ತೀನಿ."

ನಾನು ಪೆನ್ನು ತೆಗೆದುಕೊಂಡೆ.

ಲೂರ್ಡೆಸ್‌ಳಿಗೆ ಏನೋ ಸರಿಕಾಣಲಿಲ್ಲ. "ನಿಜವಾಗ್ಲೂ ಬೇಡ್ವಾ ಮೇಡಂ?" ಅಂತ ಅವಳೇ ಇನ್ನೊಮ್ಮೆ ಕೇಳಿದಳು. ಎನಿಡ್ ಅವಳ ಕಡೆ ತಿರುಗದೆ ನನ್ನ ಮುಖ ನೋಡಿದಳು. ಹೊರಗಿನವರು ಕೇಳಿದ್ದು ಲೆಕ್ಕಕ್ಕಿಲ್ಲ ನೋಡಿ, ಕೇಳಬೇಕಾದವನು ನಾನು. ನಾನು ಏನಂದೆ ಗೊತ್ತಾ? "ಅವರು ಒಂದ್ಸಲ ಬೇಡ ಅಂದ್ಮೇಲೆ ಮುಗೀತಮ್ಮ" ಅಂದೆ. ಅಂದು ಹದ್ದಿನ ದೋಣಿಯ ಚೌಕದಲ್ಲಿ ಗುರುತು ಹಾಕಿದೆ.

ಇಷ್ಟೇ ಆಗಿದ್ದರೆ ಸ್ವಾರ್ಥಿ ಮುದುಕ ಅಂತ ಬೈದು ಬಿಡಬಹುದಿತ್ತು. ಇಷ್ಟೇ ಅಲ್ಲ.

ಲೊಫೋಟೆನ್‌ಗೆ ಬಂದ ದಿನ ಬೆಳಿಗ್ಗೆ ಎನಿಡ್ ನನ್ನ ಕೋಣೆಗೆ ಒಂದು ಪೊಟ್ಟಣ ತಂದಳು. ಬೊರ್ಗಿಲ್ಡ್‌ಳಿಗೆ ಹೆಣೆದ ಶಾಲು, ಒಂದು ಡಬ್ಬಿ ತವೆಯ ರೊಟ್ಟಿ, ಒಂದು ಚೀಟಿ. ಚೀಟಿ ಮಡಚಿರಲಿಲ್ಲ, ಓದಿದೆ. ‘ಕಾಲು ಮೋಸ ಮಾಡಿತು ಕಣೇ, ಮೆಟ್ಟಿಲು ಹತ್ತಲಾರೆ, ಕ್ಷಮಿಸು’ ಅಂತ ಬರೆದಿದ್ದಳು. ನನ್ನ ಹೆಸರೇ ಇರಲಿಲ್ಲ ಅದರಲ್ಲಿ.

"ಬಸ್ಸಿನ ಗೈಡ್ ಕೈಲಿ ಕೊಟ್ಬಿಡು ಹೆಡ್ಲಿ. ಕಾಲು ನೋವು ಅಂತ ಬಾಯಲ್ಲೂ ಹೇಳು. ಅವಳು ಕಾಯ್ತಾ ಇರ್ತಾಳೆ."

"ಹೇಳ್ತೀನಿ ಬಿಡು."

ಬಂದರಿನ ಕಟ್ಟೆಯ ಮೇಲೆ ಬಸ್ಸು ನಿಂತಿತ್ತು. ಗೈಡು ತೂರಿಡ್ ಅಂತ, ನಮ್ಮ ಹಳೇ ಹೆಡ್‌ಮಿಸ್ಟ್ರೆಸ್ಸಿನ ಥರದ ಹೆಂಗಸು. ಬೆಳ್ಳಿ ಕೂದಲು, ಮಳೆಯಂಗಿ, ಮುಖದಲ್ಲಿ ಒಂದು ಸುಳ್ಳಿಗೂ ಜಾಗವಿಲ್ಲ. ಪೊಟ್ಟಣ ಕೊಟ್ಟು, ಹೌಗ್ವಿಕ್‌ನ ಕಾಫಿ ಅಂಗಡಿಯಲ್ಲಿ ಹಸಿರು ಸ್ವೆಟರಿನ ಮುದುಕಿಗೆ ಕೊಡಿ, ಎನಿಡ್ ಬರುತ್ತಿಲ್ಲ ಅಂತ ಹೇಳಿ ಅಂದೆ.

"ಬೊರ್ಗಿಲ್ಡ್‌ಗಾ? ನಂಗೆ ಗೊತ್ತು ಅವಳು. ಒಂದು ತಿಂಗಳಿಂದ ಊರಿಗೆಲ್ಲ ಹೇಳ್ಕೊಂಡು ಬರ್ತಿದಾಳೆ. ಯಾಕೆ ಬರ್ತಿಲ್ಲ ಅವರು? ಹುಷಾರಿಲ್ವಾ?"

"ಕಾಲು..." ಅಂತ ಬಾಯಿ ತೆರೆದೆ.

"ಕಾಲಾ? ಅದಕ್ಕೇನಂತೆ? ಎರಡು ಸೀಟು ಖಾಲಿ ಇದೆ. ಇಪ್ಪತ್ತು ನಿಮಿಷ ಟೈಮಿದೆ. ನೀವು ಜೊತೆಗೆ ಬಂದ್ರೆ ನಾನೂ ಒಂದು ಕೈ ಹಿಡೀತೀನಿ, ಕೂರಿಸ್ಕೊಂಡು ಹೋಗೋಣ. ಹೋಗಿ, ಕರ್ಕೊಂಡು ಬನ್ನಿ!"

ಆ ಕಡೆ ಹದ್ದಿನ ದೋಣಿಯವನು ಹೆಸರು ಕೂಗುತ್ತಿದ್ದ. ಎನಿಡ್ ಮೂರನೇ ಅಂತಸ್ತಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಲಿಫ್ಟಿನಲ್ಲಿ ಹೋಗಿ ಬರಲು ಆರು ನಿಮಿಷ. ಹೋಗಿದ್ದರೆ ಆಗುತ್ತಿತ್ತು. ಈಗಲೂ ಹೇಳುತ್ತೇನೆ, ಆರಾಮಾಗಿ ಆಗುತ್ತಿತ್ತು. ಆ ಹೆಂಗಸು ಕಾಲಿನ ನೆಪವನ್ನು ನನ್ನ ಕೈಯಿಂದ ಕಿತ್ತುಕೊಂಡುಬಿಟ್ಟಿದ್ದಳು. ನನಗೆ ಬೇರೆ ನೆಪ ಬೇಕಿತ್ತು.

"ಇಲ್ಲಮ್ಮ, ಕಾಲೆಲ್ಲ ಚೆನ್ನಾಗೇ ಇದೆ. ಅವಳಿಗೆ ಬರೋಕೆ ಮನಸ್ಸಿಲ್ಲ" ಅಂದೆ.

ತೂರಿಡ್ ನನ್ನನ್ನೇ ನೋಡಿದಳು. "ಮನಸ್ಸಿಲ್ವಾ?"

"ಇಲ್ಲ."

"ಸರಿ, ಹಾಗೇ ಹೇಳ್ತೀನಿ" ಅಂದಳು.

ಆ ಜನ ಹಾಗೆ. ನಮ್ಮವರಾಗಿದ್ದರೆ ದಾರಿಯಲ್ಲಿ ಆ ಮಾತಿಗೆ ಸ್ವಲ್ಪ ಬೆಣ್ಣೆ ಹಚ್ಚಿ, ಪಾಪ ಏನೋ ಆಯಾಸವಂತೆ, ತುಂಬಾ ಬೇಜಾರು ಮಾಡಿಕೊಂಡರು ಅಂತ ಹೇಳುತ್ತಿದ್ದರು. ಆ ಊರಿನವರಿಗೆ ಒಂದು ಮಾತು ಕೊಟ್ಟರೆ ಅಳತೆ ತಪ್ಪದೆ ಅಷ್ಟನ್ನೇ ತಲುಪಿಸುತ್ತಾರೆ. ಅದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆನೋ ಏನೋ.

ಇನ್ನು ಹದ್ದು. ನನಗೆ ಅದನ್ನು ನೋಡಿ ಸಂತೋಷವಾಗಲಿಲ್ಲ, ಮನಸ್ಸೆಲ್ಲ ಎನಿಡ್ ಮೇಲೇ ಇತ್ತು ಅಂತ ನಾನು ಹೇಳಿದರೆ ನಂಬಬೇಡಿ. ಆಯಿತು, ಬಹಳ ಸಂತೋಷವಾಯಿತು. ದೋಣಿಯವನು ಒಂದು ಮೀನು ಮೇಲಕ್ಕೆ ಎಸೆದ. ಬೆಟ್ಟದ ಮೇಲಿಂದ ಒಂದು ಬಾಗಿಲು ಕಿತ್ತು ಬಂದಂತೆ ಹದ್ದು ಇಳಿಯಿತು. ಕಾಲು ಮುಂದೆ ಚಾಚಿ, ನೀರಿಗೆ ಬೆರಳು ಮಾತ್ರ ಸೋಕಿಸಿ, ಮೀನನ್ನು ಕಿತ್ತುಕೊಂಡು ನಮ್ಮ ತಲೆಯ ಮೇಲೇ ಹೋಯಿತು. ಹಳದಿ ಕಣ್ಣು ನನ್ನನ್ನು ನೋಡಿದ್ದು ನನಗೆ ಗೊತ್ತು. ನಾನು ಚಿಕ್ಕ ಮಗುವಿನಂತೆ ಕೂಗಿದೆ. ಅವರು ಕೊಟ್ಟ ಮೀನಿನ ಸಾರನ್ನು ಎರಡು ಬಟ್ಟಲು ಕುಡಿದೆ. ಎನಿಡ್ ನೆನಪಾದದ್ದು ವಾಪಸ್ಸು ಬರುವಾಗ, ಹೌಗ್ವಿಕ್ ಬಸ್ಸು ಕಟ್ಟೆಯ ಮೇಲೆ ಖಾಲಿಯಾಗುತ್ತಿರುವುದನ್ನು ನೋಡಿದಾಗ.

ಎನಿಡ್ ಕಿಟಕಿಯ ಹತ್ತಿರ ಇನ್ನೂ ಕೂತಿದ್ದಳು. ಅವತ್ತು ನೀಲಿ ಉಡುಪು ಹಾಕಿದ್ದಳು, ಮುತ್ತಿನ ಸರವನ್ನೂ ಹಾಕಿಕೊಂಡಿದ್ದಳು. ಹಡಗಿನಲ್ಲೇ ಕೂತು ಹೆಣಿಗೆ ಹಾಕುವವರು ಮುತ್ತಿನ ಸರ ಹಾಕಿಕೊಳ್ಳುತ್ತಾರಾ? ನಾನದನ್ನು ಕೇಳಲಿಲ್ಲ. ಹದ್ದಿನ ಕಥೆ ಹೇಳಿದೆ. ಅವಳು ಎಲ್ಲ ಕೇಳಿ, "ಎಂಟಡೀನಾ! ಮೇವಿಸ್ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು, ಇಷ್ಟು ಕೂಗಾಡಿದ್ದಕ್ಕೆ" ಅಂತ ನಕ್ಕಳು.

ಸಂಜೆ ಊಟದ ಮೇಜಿಗೆ ಲೂರ್ಡೆಸ್ ಒಂದು ಜಾಡಿ ತಂದುಕೊಟ್ಟಳು. ಬೊರ್ಗಿಲ್ಡ್ ಕಳಿಸಿದ ಹಳದಿ ಹಣ್ಣಿನ ಜಾಮು. ಜೊತೆಗೆ ಕಾಗದವಿರಲಿಲ್ಲ. ಎನಿಡ್ ಜಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಅಡಿಯಲ್ಲೂ ನೋಡಿದಳು.

"ಕಾಲಿನ ವಿಷಯ ಹೇಳ್ದೆ ತಾನೆ?"

"ಹೇಳ್ದೆ."

"ಏನಂದ್ಲಂತೆ?"

"ಪಾಪ ಅಂದ್ಲಂತೆ."

ಅದು ಎರಡನೇ ಸುಳ್ಳು. ಮೊದಲನೆಯದು ಮೊಟ್ಟೆ ಇಟ್ಟರೆ ಎರಡನೆಯದು ಕಾವು ಕೊಡುತ್ತದೆ.

ಊರಿಗೆ ಬಂದೆವು. ಎನಿಡ್ ಕಾಗದ ಬರೆದಳು. ಉತ್ತರವಿಲ್ಲ. ಇನ್ನೊಂದು ಬರೆದಳು. ಕ್ರಿಸ್‌ಮಸ್ಸಿಗೆ ಅರವತ್ತಾರು ವರ್ಷ ತಪ್ಪದೆ ಬರುತ್ತಿದ್ದ ಕಾರ್ಡು ಬರಲಿಲ್ಲ. ಅವಳು ಸತ್ತೇಹೋದಳೇನೋ ಅಂತ ಎನಿಡ್ ಹೆದರಿಕೊಂಡಿದ್ದಳು. ಫೆಬ್ರವರಿಯಲ್ಲಿ ಬಂತು. ಅರ್ಧ ಪುಟ. ಒಂದು ಗುರುವಾರ ನಾನು ಆಲೂಗಡ್ಡೆ ಇಳಿಸುತ್ತಿದ್ದಾಗ ಎನಿಡ್ ಅದನ್ನು ನನ್ನ ಮುಂದೆ ಹಿಡಿದಳು.

‘ನಿನ್ನ ಕಾಲಿನ ನೆಪ ಬೇಕಿರಲಿಲ್ಲ. ನಿನ್ನ ಕಾಲು ಚೆನ್ನಾಗಿದೆ, ನಿನಗೆ ಬರುವ ಮನಸ್ಸಿಲ್ಲ ಎಂದು ನಿನ್ನ ಮನೆಯವರೇ ಹೇಳಿದ್ದಾಗಿ ತೂರಿಡ್ ತಿಳಿಸಿದಳು. ಅದು ನಿನ್ನ ಇಷ್ಟ. ಆದರೆ ಚೀಟಿಯಲ್ಲಿ ಬೇರೆ ಬರೆದದ್ದೇಕೆ? ನಾನು ನಿನಗೆ ಒಂದು ಸುಳ್ಳನ್ನೂ ಬರೆದವಳಲ್ಲ. ನೀನೂ ಬರೆದಿಲ್ಲವೆಂದು ತಿಳಿದಿದ್ದೆ. ಈಗ ಹಳೆಯ ಕಾಗದಗಳನ್ನು ತೆಗೆದರೆ ಯಾವುದು ನಿಜವೋ ತಿಳಿಯುವುದಿಲ್ಲ. ಆರೋಗ್ಯ ನೋಡಿಕೋ.’

ಗೊತ್ತಾಯಿತಾ ಏನಾಯಿತು ಅಂತ? ಎನಿಡ್ ಬರೆದ ನಿಜ ಸುಳ್ಳಾಯಿತು. ನನ್ನ ಸುಳ್ಳು ನಿಜವಾಯಿತು. ಆ ಒಂದು ದಿನ ಮಾತ್ರವಲ್ಲ, ಅರವತ್ತಾರು ವರ್ಷದ ಕಾಗದವೆಲ್ಲ ಮೈಲಿಗೆಯಾಯಿತು.

"ಇದೇನು ಹೆಡ್ಲಿ?" ಅಂದಳು.

"ವಿದೇಶದವ್ರು ಕಣೆ, ಇಂಗ್ಲಿಷ್ ಸರಿಯಾಗಿ ತಿಳ್ಕೊಂಡಿರಲ್ಲ. ಏನೋ ಎಡವಟ್ಟಾಗಿದೆ" ಅಂದೆ.

"ಅವರ ಇಂಗ್ಲಿಷ್ ನಿನಗಿಂತ ಚೆನ್ನಾಗಿದೆ" ಅಂದಳು. ಕಾಗದ ಮಡಚಿ ಒಳಗೆ ಹೋದಳು. ಆಲೂಗಡ್ಡೆ ನಾನೇ ಬುಟ್ಟಿಗೆ ಸುರಿದು ಬಂದೆ.

ಇಷ್ಟಾದ ಮೇಲೂ ಕ್ಲಬ್ಬಿನಲ್ಲಿ ನಿಮಗೆಲ್ಲ ನಾನು ಏನು ಹೇಳಿದೆ? ನೆನಪಿದೆಯಲ್ಲ, ನಿನ್ನೆ ನಾನು ಒಂದೇ ಸಲ ಕೇಳಿದ್ದು ಅಂದಾಗ ಅದಕ್ಕೇ ತಾನೆ ನೀವು ನನ್ನನ್ನು ಹಿಡಿದದ್ದು. ‘ಎನಿಡ್‌ಗೆ ಆ ನಾರ್ವೆಯವಳನ್ನ ನೋಡೋಕೆ ಹೆದರಿಕೆಯಾಯ್ತು, ನಾನು ಮೂರು ಸಲ ಕೇಳ್ದೆ, ಬರಲ್ಲ ಅಂದ್ಬಿಟ್ಲು’ ಅಂತ. ಹದ್ದಿನ ರೆಕ್ಕೆ ತೋರಿಸಲು ಕೈ ಚಾಚಿ ಹಿಲ್ಡಾಳ ಬಿಯರ್ ಬೀಳಿಸಿದ್ದು ಆಗಲೇ. ಅವತ್ತು ಎನಿಡ್ ಹಿಂದಿನ ಮೇಜಿನಲ್ಲಿ ಕೂತಿದ್ದಳು ಅನ್ನುವುದು ನಿಮಗ್ಯಾರಿಗೂ ನೆನಪಿಲ್ಲ. ನನಗಿದೆ. ಟೀಗೆ ಸಕ್ಕರೆ ಹಾಕಿಕೊಳ್ಳದವಳು ಚಮಚ ತಿರುಗಿಸುತ್ತಲೇ ಇದ್ದಳು.

ಮನೆಗೆ ಹೋಗುವಾಗ ಇಬ್ಬರೇ. ಅವಳ ವಾಕರಿನ ಒಂದು ಗಾಲಿ ಕೀರ್ ಕೀರ್ ಅನ್ನುತ್ತಿತ್ತು. ಮೂಲೆಯ ಅಂಗಡಿ ದಾಟಿದ ಮೇಲೆ ಕೇಳಿದಳು.

"ಮೂರು ಸಲ ಕೇಳಿದ್ಯಾ ಹೆಡ್ಲಿ?"

ನಾನು ಬಗ್ಗಿ ಅವಳ ವಾಕರಿನ ಗಾಲಿ ನೋಡಿದೆ.

"ಒಂದೇ ಸಲ. ನಾನು ಎಣಿಸ್ತಾ ಇದ್ದೆ."

ಆಗ ಹೇಳಿದೆ. ಕಟ್ಟೆಯ ಮೇಲೆ ನಡೆದದ್ದನ್ನೆಲ್ಲ ಅಲ್ಲೇ ಬೀದಿಯಲ್ಲಿ ನಿಂತು ಹೇಳಿದೆ. ತೂರಿಡ್, ಇಪ್ಪತ್ತು ನಿಮಿಷ, ಎರಡು ಸೀಟು, ನಾನಂದದ್ದು. ಅವಳು ವಾಕರಿನ ಪೀಠದ ಮೇಲೆ ಕೂತುಕೊಂಡು ಕೇಳಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಗೊತ್ತಿತ್ತು" ಅಂದಳು. "ಕಾಗದ ಬಂದ ದಿನಾನೇ ಗೊತ್ತಾಯ್ತು. ‘ಮನೆಯವರು’ ಅಂದ್ರೆ ಇನ್ಯಾರು?"

"ಮತ್ತೆ ಬರಿ ಅವಳಿಗೆ! ಹೀಗ್ಹೀಗಾಯ್ತು, ಎಲ್ಲ ಆ ಹೆಡ್ಲಿ ಮಾಡಿದ್ದು ಅಂತ ಬರಿ!"

"ಏನಂತ ಬರೀಲಿ? ನನ್ನ ತಂಗಿ ಗಂಡ, ಒಂದು ಹಕ್ಕಿಗೋಸ್ಕರ ನನ್ನನ್ನ ಮಾರ್ಕೊಂಡ ಅಂತಾನಾ? ಮೇವಿಸ್ ಬಗ್ಗೆ, ನಿನ್ನ ಬಗ್ಗೆ ಐವತ್ತು ವರ್ಷ ಅವಳಿಗೆ ಒಳ್ಳೇದೇ ಬರ್ದಿದೀನಿ. ಅದೂ ಸುಳ್ಳು ಅಂದ್ಕೋಬೇಕಾ ಅವಳು?" ಆಮೇಲೆ, "ಅವಳು ಸಾವಿರ ಮೈಲಿ ಆಚೆ ಕಣೋ. ನೀನು ಎರಡು ಬಾಗಿಲು ಆಚೆ. ಈ ವಯಸ್ಸಲ್ಲಿ ಯಾರ ಹತ್ರ ಜಗಳ ಆಡ್ಬೇಕು ಅಂತ ನೋಡ್ಕೊಂಡು ಆಡ್ಬೇಕು" ಅಂದಳು. ಎದ್ದಳು. "ನಡಿ, ಚಳಿ ಆಗ್ತಿದೆ."

ಅವತ್ತಿನಿಂದ ಆ ಮಾತು ಎತ್ತಿಲ್ಲ. ಗುರುವಾರ ಸಾಮಾನು, ಭಾನುವಾರ ಊಟ, ಎಲ್ಲ ಮೊದಲಿನಂತೆಯೇ. ಟೀ ಬೇಕಾ ಅಂತ ನಾನು ಕೇಳಿದರೆ ಮಾತ್ರ ಮೊದಲನೇ ಸಲಕ್ಕೇ ‘ಹೂಂ’ ಅಂದುಬಿಡುತ್ತಾಳೆ. ಎರಡನೇ ಸಲ ಕೇಳುವ ಕೆಲಸವನ್ನೇ ನನಗೆ ಕೊಡುವುದಿಲ್ಲ. ಮೂವತ್ತು ದಿನಕ್ಕೊಮ್ಮೆ ಕಾಗದ ಬರೆಯಲು ಕೂರುತ್ತಿದ್ದ ಮೇಜಿನ ಮೇಲೆ ಈಗ ಇಸ್ತ್ರಿಯ ಬಟ್ಟೆ ಇಡುತ್ತಾಳೆ. ನಾನು ಊಟಕ್ಕೆ ಕೂರುವುದು ಅದರ ಎದುರಿಗೆ.

ಬೊರ್ಗಿಲ್ಡ್‌ಳಿಗೆ ನೀನೇ ಬರೆಯಬಹುದಲ್ಲ ಅನ್ನುತ್ತೀರಿ. ಬರೆದೆ. ನಾಲ್ಕು ಸಲ ಬರೆದೆ. ನಾನು ಬರೆದರೆ ಅಪಘಾತದ ವರದಿಯಂತೆ ಇರುತ್ತದೆ: ಹತ್ತು ಗಂಟೆ ಹತ್ತು ನಿಮಿಷಕ್ಕೆ ಹೀಗಾಯಿತು, ರಸ್ತೆ ಒದ್ದೆಯಾಗಿತ್ತು, ತಪ್ಪು ಚಾಲಕನದು. ಓದಿದರೆ ನನಗೇ ನಂಬಿಕೆ ಬರುವುದಿಲ್ಲ. ಮೇಲಾಗಿ, ಎನಿಡ್ ಹೇಳಿಕೊಟ್ಟು ಬರೆಸಿದ್ದು ಅಂತ ಅವಳು ಅಂದುಕೊಂಡರೆ? ಅಂಚೆ ಚೀಟಿ ಅಂಟಿಸಿದ ಒಂದು ಲಕೋಟೆ ಮಾತ್ರ ಪಾರಿವಾಳದ ಗೂಡಿನ ಶೆಲ್ಫಿನ ಮೇಲೆ ಎಂಟು ತಿಂಗಳು ಇತ್ತು, ಆಮೇಲೆ ಹಕ್ಕಿಗಳು ಅದರ ಮೇಲೆ ಮಾಡಬಾರದ್ದು ಮಾಡಿದವು.

ಅದಕ್ಕೇ ಈ ಮಾತು. ಬಾಯಿಂದ ಬಂದದ್ದನ್ನು ಬಾಯಿಂದಲೇ ತೆಗೆಯಬೇಕು.

ಕತ್‌ಬರ್ಟ್, ಎರಡನೆಯ ದಿನ ಪುಸ್ತಕ ಕೊಟ್ಟ ಕೂಡಲೇ ಹೋಗಿ ಹೌಗ್ವಿಕ್ ಬಸ್ಸಿಗೆ ಎರಡು ಸೀಟು ಹಿಡಿ. ಹಿಲ್ಡಾಳ ಮಂಡಿ ಹೇಗಿದೆಯೋ, ನೀನು ಪಕ್ಕದಲ್ಲಿರು. ಗೈಡು ತೂರಿಡ್ಡೇ ಇದ್ದರೆ, ಎರಡು ವರ್ಷದ ಹಿಂದೆ ಕಟ್ಟೆಯ ಮೇಲೆ ಸುಳ್ಳು ಹೇಳಿದ ಮುದುಕನ ಕಡೆಯವರು ಅಂತ ಹೇಳು, ಅವಳು ಮರೆತಿರುವುದಿಲ್ಲ. ಬೊರ್ಗಿಲ್ಡ್‌ಳ ಮನೆ ಕೇಳು. ಅವಳು ಇದ್ದರೆ, ಕಿವಿ ಕೇಳಿಸಿದರೆ, ಫೋನಿನಲ್ಲಿರುವ ನನ್ನ ಮಾತಿನ ಈ ತುಂಡುಗಳನ್ನೆಲ್ಲ ಮೊದಲಿನಿಂದ ಅವಳ ಮುಂದೆ ಇಡು. ನಾನು ಹದ್ದು ನೋಡಿ ಕುಣಿದದ್ದನ್ನೂ ಕೇಳಿಸು, ಕತ್ತರಿಸಬೇಡ. ಅವಳು ಇಲ್ಲದಿದ್ದರೆ ಅವಳ ಮಕ್ಕಳಿಗೆ ಕೇಳಿಸು. ಉಳಿದವರೂ ಅಷ್ಟೇ. ನಾನು ಯಾರ್ಯಾರ ಮುಂದೆ ‘ಮೂರು ಸಲ ಕೇಳ್ದೆ’ ಅಂತ ಹೇಳಿಕೊಂಡು ಬಂದಿದ್ದೇನೋ ಅವರಿಗೆಲ್ಲ ಇದನ್ನು ದಾಟಿಸಿ. ಸಿರಿಲ್, ನಿನ್ನ ಬಾಯಿಗೆ ಇದೊಂದು ಒಳ್ಳೆಯ ಕೆಲಸ. ಆ ಮುದುಕಿ ಏನಾದರೂ ಉತ್ತರ ಹೇಳಿದರೆ, ಬೈಗುಳವಾದರೂ ಸರಿ, ಅದನ್ನು ನನಗೆ ತಂದುಕೊಡಬೇಡಿ. ಎರಡು ಬಾಗಿಲು ಆಚೆ ಹೋಗಿ ಅಲ್ಲಿ ಕೊಡಿ.